ದೊಡ್ಡ ಮಗುವಿಗೂ ಒಂದು ತಳ್ಳುಗಾಡಿ

ಭಾನುವಾರ ಮಧ್ಯಾಹ್ನ ಒಂದರ ಹೊತ್ತಿಗೆ ಮಂಗಳೂರಿನ ಹತ್ತಿರದ ಪಿಲಿಕುಳದ ಮೃಗಾಲಯದ ದಾರಿಯಲ್ಲಿ ನಿಂತು ನೋಡಿ. ಬೆಳಿಗ್ಗೆ ಗೇಟಿನಿಂದ ಓಡಿಕೊಂಡೇ ಒಳಗೆ ಹೋದ ಐದಾರು ವರ್ಷದ ಮಕ್ಕಳು ಈಗ ಸಿಕ್ಕಿದ ಕಟ್ಟೆಯ ಮೇಲೆ ಕೂತಿರುತ್ತಾರೆ. ‘ಕಾಲು ನೋವು’, ‘ಎತ್ತಿಕೊಳ್ಳಿ’, ‘ಮನೆಗೆ ಹೋಗುವ’ ಎಂಬ ಮೂರೇ ಮಾತು. ಅಪ್ಪನ ಹೆಗಲ ಮೇಲೆ ಸ್ವಲ್ಪ ದೂರ, ಅಮ್ಮನ ಸೊಂಟದ ಮೇಲೆ ಸ್ವಲ್ಪ ದೂರ. ಹುಲಿ ನೋಡಲಿಕ್ಕೆಂದು ಹೊರಟವರು ಹುಲಿಯ ತನಕ ತಲುಪದೆ ಹಿಂದೆ ಬರುವುದೂ ಉಂಟು.

ಒಂದು ಸ್ಟ್ರಾಲರ್ ತರಬಹುದಿತ್ತಲ್ಲ ಎಂದರೆ ಬರುವ ಉತ್ತರ ನಮಗೆಲ್ಲ ಗೊತ್ತು: ‘ಇಷ್ಟು ದೊಡ್ಡವನಿಗೆ ಗಾಡಿ ಎಂತಕ್ಕೆ ಮಾರಾಯ್ರೇ? ಶಾಲೆಗೆ ಹೋಗುವ ಹುಡುಗ!’ ನಮ್ಮಲ್ಲಿ ತಳ್ಳುಗಾಡಿ ಎಂದರೆ ಕೂಸಿನದು. ಮಗು ನಾಲ್ಕು ಹೆಜ್ಜೆ ಇಟ್ಟಿತೋ, ಗಾಡಿ ಅಟ್ಟ ಸೇರಿತು. ದಿನನಿತ್ಯದ ಮಟ್ಟಿಗೆ ಈ ಲೆಕ್ಕ ಸರಿಯೇ. ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ ಐದು ವರ್ಷದ ಮಗುವನ್ನು ತಳ್ಳಿಕೊಂಡು ಹೋಗುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಆದರೆ ಬೆಳಿಗ್ಗೆಯಿಂದ ಸಂಜೆಯ ತನಕ ಮೃಗಾಲಯ, ಥೀಮ್ ಪಾರ್ಕ್, ವಸ್ತುಪ್ರದರ್ಶನ ಎಂದು ಹೊರಟ ದಿನದ ಲೆಕ್ಕ ಬೇರೆ. ಆ ದಿನಕ್ಕೆ ನಾಲ್ಕರಿಂದ ಏಳು ವರ್ಷದ ಮಗುವಿಗೆ ಗಾಡಿ ಒಯ್ಯುವುದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಯಾವ ಗಾಡಿ, ಯಾವ ನೆಲ, ಎಷ್ಟು ಹೊತ್ತು ಎಂಬುದು ಗೊತ್ತಿರಬೇಕು, ಅಷ್ಟೆ.

ದೂರವನ್ನು ಮಗುವಿನ ಕಾಲಿನಿಂದ ಅಳೆದು ನೋಡಿ. ನಗರದಿಂದ 12 ಕಿ.ಮೀ. ಆಚೆ, ವಾಮಂಜೂರು–ಮೂಡುಶೆಡ್ಡೆ ಕಡೆಯಲ್ಲಿರುವ ಪಿಲಿಕುಳ ನಿಸರ್ಗಧಾಮದ ಒಟ್ಟು ವಿಸ್ತಾರ ಸುಮಾರು 370 ಎಕರೆ. ಅದರಲ್ಲಿ ಮೃಗಾಲಯವೊಂದೇ ಸುಮಾರು 150 ಎಕರೆ. ನಾವು ಒಂದು ಹೆಜ್ಜೆ ಇಡುವಲ್ಲಿ ಐದು ವರ್ಷದ ಮಗು ಹತ್ತಿರಹತ್ತಿರ ಎರಡು ಹೆಜ್ಜೆ ಇಡುತ್ತದೆ. ನಮ್ಮ ಮೂರು ಕಿಲೋಮೀಟರು ಅದರ ಕಾಲಿಗೆ ಬೇರೆಯೇ ಲೆಕ್ಕ. ಅದರ ಮೇಲೆ ಕರಾವಳಿಯ ಸೆಕೆ. ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ. ಇನ್ನು ಫ್ಲ್ಯಾಟಿನ ಲಿಫ್ಟಿನಿಂದ ಶಾಲೆಯ ವ್ಯಾನಿಗೆ, ವ್ಯಾನಿನಿಂದ ತರಗತಿಗೆ ಹೋಗಿ ಬರುವ ಮಕ್ಕಳಿಗೆ ದಿನವಿಡೀ ನಡೆದು ಅಭ್ಯಾಸವಾದರೂ ಎಲ್ಲಿಂದ ಬರಬೇಕು?

ಇದರ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಐದು ವರ್ಷದೊಳಗಿನ ಮಕ್ಕಳಿಗಾಗಿ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ ಮೂರು–ನಾಲ್ಕು ವರ್ಷದ ಮಗುವಿಗೆ ದಿನಕ್ಕೆ ಕನಿಷ್ಠ 180 ನಿಮಿಷ ದೈಹಿಕ ಚಟುವಟಿಕೆ ಬೇಕು. ತಳ್ಳುಗಾಡಿಯಂಥದ್ದರಲ್ಲಿ ಒಂದೇ ಸಮನೆ ಒಂದು ಗಂಟೆಗಿಂತ ಹೆಚ್ಚು ಕಟ್ಟಿ ಕೂರಿಸಬಾರದು. ಹಾಗಾಗಿ ಮೊದಲ ಸಲಹೆ ಇದು: ಗೇಟಿನಲ್ಲೇ ಮಗುವನ್ನು ಗಾಡಿಗೆ ಏರಿಸಬೇಡಿ. ಖಾಲಿ ಗಾಡಿಯಲ್ಲಿ ನೀರಿನ ಬಾಟಲಿ, ಬಟ್ಟೆಯ ಚೀಲ ಇಟ್ಟುಕೊಂಡು ಹೋಗಿ. ನೋಡುವುದಕ್ಕೆ ಏನಾದರೂ ಇರುವ ಕಡೆ ಮಗು ನಡೆಯಲಿ, ಓಡಲಿ. ಏನೂ ಇಲ್ಲದ ಉದ್ದನೆಯ ದಾರಿಯಲ್ಲಿ, ಊಟದ ನಂತರದ ತೂಕಡಿಕೆಯ ಹೊತ್ತಿನಲ್ಲಿ, ವಾಪಸು ಬರುವ ಹಾದಿಯಲ್ಲಿ ಗಾಡಿಯೇರಲಿ.

‘ಕಾಲು ನೋವು’ ಎಂಬ ಮಾತನ್ನು ಪ್ರತಿ ಸಲ ಹಟವೆಂದು ತಳ್ಳಿಹಾಕುವುದೂ ತಪ್ಪು. ಹಗಲು ಆಡಿ, ರಾತ್ರಿ ಎರಡೂ ಕಾಲು ನೋಯುತ್ತದೆಂದು ಅತ್ತು, ಬೆಳಿಗ್ಗೆ ಏನೂ ಆಗದವರಂತೆ ಓಡುವ ಮಕ್ಕಳು ಬಹಳ. ಅದಕ್ಕೆ ಹೆದರಬೇಕಿಲ್ಲ. ಒಂದೇ ಕಾಲು ನೋಯುತ್ತಿದ್ದರೆ, ಕುಂಟುತ್ತಿದ್ದರೆ, ಗಂಟು ಊದಿದ್ದರೆ, ಜೊತೆಗೆ ಜ್ವರವಿದ್ದರೆ, ಸ್ವಲ್ಪ ನಡೆದರೂ ಏದುಸಿರು ಬಂದು ಕುಕ್ಕರುಗಾಲಿನಲ್ಲಿ ಕೂರುತ್ತಿದ್ದರೆ ಗಾಡಿಗಿಂತ ಮೊದಲು ಮಕ್ಕಳ ಡಾಕ್ಟರು ಬೇಕು.

ಮೊದಲು ತೂಕ, ಆಮೇಲೆ ಬಣ್ಣ

ಅಟ್ಟದಲ್ಲಿರುವ ಹಳೆಯ ಗಾಡಿಯನ್ನೇ ಕೆಳಗಿಳಿಸಿ ಹೊರಡುವ ಮುನ್ನ ಅದರ ಚೌಕಟ್ಟಿಗೆ ಅಂಟಿಸಿದ ಚೀಟಿ ಓದಿ. ಎಷ್ಟು ಕೆ.ಜಿ. ತನಕ ಎಂದು ಅದರಲ್ಲಿರುತ್ತದೆ. ಕೂಸಿಗಾಗಿ ಕೊಂಡ ಬಹಳಷ್ಟು ಗಾಡಿಗಳ ಮಿತಿ 15 ಕೆ.ಜಿ. ಯುರೋಪಿನ ಇಎನ್ 1888 ಎಂಬ ಮಾನದಂಡ ಈಗ ಎರಡು ಭಾಗದಲ್ಲಿದೆ: ಮೊದಲನೆಯದು 15 ಕೆ.ಜಿ. ತನಕದ ಮಕ್ಕಳ ಗಾಡಿಗೆ, ಎರಡನೆಯದು 15ರಿಂದ 22 ಕೆ.ಜಿ.ಯವರ ಗಾಡಿಗೆ. ದೊಡ್ಡ ಮಗುವಿಗೆ ಬೇಕಾದದ್ದು ಈ ಎರಡನೆಯ ಬಗೆ. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆ ಪಟ್ಟಿಯಲ್ಲಿ ಐದು ತುಂಬಿದ ಗಂಡುಮಗುವಿನ ನಡುಮಟ್ಟದ ತೂಕ 18.3 ಕೆ.ಜಿ., ಹೆಣ್ಣುಮಗುವಿನದು 18.2. ಏಳು ತುಂಬುವಾಗ ಅದು 22ನ್ನು ದಾಟಿರುತ್ತದೆ. ಸಣಕಲು ಮೈಕಟ್ಟಿನ ಮಗುವಾದರೆ ಇನ್ನೂ ಒಂದು ವರ್ಷ ಓಡಬಹುದು. ಅಂದರೆ ಅಂಗಡಿಯ ಸಾಮಾನ್ಯ ಸ್ಟ್ರಾಲರಿನ ಆಯುಷ್ಯ ಹೆಚ್ಚೆಂದರೆ ಏಳೆಂಟು ವರ್ಷದ ತನಕ.

ತೂಕ ಸರಿಹೋದರೂ ಎತ್ತರ ಸರಿಹೋಗಬೇಕಲ್ಲ. ಐದು ವರ್ಷದ ಮಗು ಸುಮಾರು 110 ಸೆಂ.ಮೀ. ಎತ್ತರವಿರುತ್ತದೆ, ಕೂತಾಗ ಸೀಟಿನಿಂದ ನೆತ್ತಿಗೆ ಸುಮಾರು 60 ಸೆಂ.ಮೀ. ಗಾಡಿಯ ಮೇಲ್ಚಾವಣಿ ಅದಕ್ಕಿಂತ ತಗ್ಗಿದ್ದರೆ ಮಗು ಇಡೀ ದಿನ ಕುತ್ತಿಗೆ ಬಾಗಿಸಿ ಕೂರಬೇಕು. ಕಾಲಿಡುವ ಪಟ್ಟಿ ಮೇಲಿದ್ದರೆ ಮೊಣಕಾಲು ಎದೆಗೆ ಬರುತ್ತದೆ, ಇಲ್ಲದಿದ್ದರೆ ಪಾದ ನೆಲಕ್ಕೆ ಉಜ್ಜುತ್ತದೆ. ಚಕ್ರಕ್ಕೆ ಕಾಲು ಸಿಕ್ಕಿಕೊಳ್ಳುವುದು ಹೀಗೆಯೇ. ಆನ್‌ಲೈನಿನಲ್ಲಿ ಫೋಟೋ ನೋಡಿ ತರಿಸುವುದಕ್ಕಿಂತ ಮಗುವನ್ನೇ ಅಂಗಡಿಗೆ ಕರೆದುಕೊಂಡು ಹೋಗಿ ಕೂರಿಸಿ ನೋಡುವುದು ಒಳ್ಳೆಯದು.

ಮಂಗಳೂರಿನಲ್ಲಿ ಇನ್ನೊಂದು ದಾರಿ ಇದೆ. ದುಬಾಯಿ, ಅಬುಧಾಬಿ, ಮಸ್ಕತ್ತಿನಿಂದ ಊರಿಗೆ ಬಂದವರ ಮನೆಗಳಲ್ಲಿ ಒಳ್ಳೊಳ್ಳೆಯ ಗಾಡಿಗಳು ಸುಮ್ಮನೆ ಮಡಚಿಕೊಂಡು ಕೂತಿರುತ್ತವೆ. ಫ್ಲ್ಯಾಟಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಒಂದು ಮಾತು ಹಾಕಿದರೆ ಒಂದು ದಿನದ ಮಟ್ಟಿಗೆ ಎರವಲು ಸಿಕ್ಕೀತು. ಹಾಗೆ ತಂದದ್ದನ್ನು ಹಾಗೆಯೇ ನಂಬಬೇಡಿ. ಬಿಚ್ಚಿ ನಿಲ್ಲಿಸಿದಾಗ ಲಾಕು ‘ಟಕ್’ ಎಂದು ಕೂರುತ್ತದೆಯೇ, ಎರಡೂ ಹಿಂಚಕ್ರದ ಬ್ರೇಕು ಹಿಡಿಯುತ್ತದೆಯೇ, ಬೆಲ್ಟಿನ ಹೊಲಿಗೆ ಗಟ್ಟಿಯಾಗಿದೆಯೇ, ಕೊಳವೆ ಸೇರುವ ಜಾಗದಲ್ಲಿ ಬಿರುಕು ಇಲ್ಲವೇ, ಇಷ್ಟು ನೋಡಿ. ಮಗುವಿನಷ್ಟೇ ತೂಕದ ಅಕ್ಕಿಯ ಚೀಲ ಇಟ್ಟು ಅಂಗಳದಲ್ಲಿ ಒಂದು ಸುತ್ತು ತಳ್ಳಿದರೆ ಅರ್ಧ ಗುಣ ಗೊತ್ತಾಗುತ್ತದೆ.

ಇಳಿಜಾರಿನ ಊರು

ಬಾವುಟಗುಡ್ಡೆ, ಕದ್ರಿಗುಡ್ಡೆ, ಗೋರಿಗುಡ್ಡೆ. ಹೆಸರಿನಲ್ಲೇ ಗುಡ್ಡೆ ಇಟ್ಟುಕೊಂಡ ಊರಿನಲ್ಲಿ ತಳ್ಳುಗಾಡಿಯ ಮಾತೆಂದರೆ ಮುಖ್ಯವಾಗಿ ಬ್ರೇಕಿನ ಮಾತು. ಸ್ಟ್ರಾಲರ್ ಕುರಿತ ಸಲಹೆಗಳು ಬಹುಮಟ್ಟಿಗೆ ಸಪಾಟು ನೆಲದ ಊರಿನವರು ಬರೆದಂಥವು, ನಮಗೆ ಅರ್ಧದಷ್ಟು ಮಾತ್ರ ಉಪಯೋಗ. ಪಿಲಿಕುಳವೂ ಏರು ತಗ್ಗಿನ ಜಾಗವೇ. 18 ಕೆ.ಜಿ. ಮಗು, ಏಳೆಂಟು ಕೆ.ಜಿ. ಗಾಡಿ, ಅದರಡಿ ಬುತ್ತಿ, ನೀರು ಎಲ್ಲ ಸೇರಿದರೆ ಮೂವತ್ತು ಕೆ.ಜಿ. ಇಳಿಜಾರಿನಲ್ಲಿ ಕೈತಪ್ಪಿದರೆ ಅದನ್ನು ಓಡಿ ಹಿಡಿಯಲಾಗುವುದಿಲ್ಲ. ಹಿಡಿಕೆಗೆ ಒಂದು ಗಟ್ಟಿ ಪಟ್ಟಿ ಕಟ್ಟಿ ಮಣಿಕಟ್ಟಿಗೆ ಹಾಕಿಕೊಳ್ಳಿ. ಇಳಿಯುವುದು ಕಡಿದಾಗಿದ್ದರೆ ನೀವು ಕೆಳಗೆ, ಗಾಡಿ ಮೇಲೆ ಇರುವಂತೆ ತಿರುಗಿ ಹಿಮ್ಮುಖವಾಗಿ ನಿಧಾನ ಇಳಿಯಿರಿ. ಅದಕ್ಕಿಂತ ಸುಲಭದ್ದೆಂದರೆ, ಮಗುವನ್ನು ಇಳಿಸಿ ನಡೆಸುವುದು. ದೊಡ್ಡ ಮಗುವಿನ ದೊಡ್ಡ ಅನುಕೂಲವೇ ಅದಲ್ಲವೇ? ಇಳಿ ಎಂದರೆ ಇಳಿಯುತ್ತದೆ.

ನಿಲ್ಲಿಸುವಾಗ ಗಾಡಿಯ ಮುಖ ಇಳಿಜಾರಿಗೆ ಅಡ್ಡವಾಗಿರಲಿ. ಎರಡೂ ಬ್ರೇಕು ಹಾಕಿ, ಚಕ್ರದಡಿ ಒಂದು ಕಲ್ಲನ್ನೂ ಕೊಟ್ಟುಬಿಡಿ. ಬಸ್ಸಿನ ಡ್ರೈವರುಗಳು ಘಾಟಿಯಲ್ಲಿ ಮಾಡುವುದೂ ಅದನ್ನೇ.

ಇನ್ನೊಂದು ಅಪಾಯ ಯಾರ ಲಕ್ಷ್ಯಕ್ಕೂ ಬರುವುದಿಲ್ಲ. ಹಿಡಿಕೆಗೆ ನಾವೆಲ್ಲ ಚೀಲ ನೇತುಹಾಕುತ್ತೇವೆ. ಮಗು ಕೂತಿರುವಷ್ಟು ಹೊತ್ತು ಗಾಡಿ ನೆಟ್ಟಗಿರುತ್ತದೆ. ಹಠಾತ್ತನೆ ಮಗು ಹಾರಿ ಇಳಿದರೆ ಮುಂದಿನ ಭಾರ ಹೋಗಿ ಚೀಲದ ಭಾರಕ್ಕೆ ಗಾಡಿ ಹಿಂದಕ್ಕೆ ಪಲ್ಟಿ ಹೊಡೆಯುತ್ತದೆ. ಹಿಂದೆ ಇನ್ನೊಂದು ಚಿಕ್ಕ ಮಗು ನಿಂತಿದ್ದರೆ ಅದರ ಮೇಲೆ. ಭಾರವೆಲ್ಲ ಸೀಟಿನ ಅಡಿಯ ಬುಟ್ಟಿಯಲ್ಲಿರಲಿ, ಹಿಡಿಕೆಗೆ ಟೋಪಿಗಿಂತ ಭಾರದ್ದು ಬೇಡ. ಹಾಗೆಯೇ ಮೆಟ್ಟಿಲು ಬಂದಾಗ ಮಗು ಕೂತಿರುವಂತೆಯೇ ಇಬ್ಬರು ಸೇರಿ ಗಾಡಿ ಎತ್ತುವ ಪದ್ಧತಿ ಕೂಸಿನ ಕಾಲಕ್ಕೆ ಮುಗಿಯಿತು. ದೊಡ್ಡ ಮಗುವಿನ ಭಾರಕ್ಕೆ ಮಡಚುವ ಕೀಲು ನಡುವೆಯೇ ಬಿಟ್ಟುಕೊಳ್ಳಬಹುದು.

ಚಕ್ರ ದೊಡ್ಡದಿದ್ದಷ್ಟು ನಮ್ಮ ನೆಲಕ್ಕೆ ಒಳ್ಳೆಯದು. ಪುಟ್ಟ ಚಕ್ರಗಳು ಇಂಟರ್‌ಲಾಕಿನ ಸಂದಿಗೆ, ಚರಂಡಿಯ ಕಬ್ಬಿಣದ ಸರಳಿಗೆ, ಮುರಕಲ್ಲಿನ ಹೊಂಡಕ್ಕೆ ಸಿಕ್ಕಿ ನಿಲ್ಲುತ್ತವೆ. ಆಗ ಬೆಲ್ಟು ಹಾಕದ ಮಗು ಮುಂದಕ್ಕೆ ಮುಗ್ಗರಿಸುತ್ತದೆ. ‘ದೊಡ್ಡವನಿಗೆ ಬೆಲ್ಟು ಬೇಡ’ ಎಂಬ ಮಾತು ಮಗುವಿನದ್ದೇ ಆದರೂ ಒಪ್ಪಬಾರದು.

ಪಿಲಿಕುಳದ ದಿನವನ್ನು ಹೀಗೆ ಹಂಚಿಕೊಳ್ಳಬಹುದು. ಸೋಮವಾರ ಮೃಗಾಲಯಕ್ಕೆ ರಜೆ. ಬೇರೆ ದಿನ ಬಾಗಿಲು ತೆರೆಯುವ ಹೊತ್ತಿಗೇ ತಲುಪಿ ಮೃಗಾಲಯವನ್ನು ಮೊದಲು ಮುಗಿಸಿ. ಬಿಸಿಲೇರಿದ ಮೇಲೆ ಪ್ರಾಣಿಗಳೂ ನೆರಳು ಹುಡುಕಿ ಮಲಗಿಬಿಡುತ್ತವೆ. ಟಿಕೆಟು ಕೊಳ್ಳುವಲ್ಲೇ ಆ ದಿನ ಬ್ಯಾಟರಿ ಗಾಡಿ ಓಡುತ್ತಿದೆಯೇ ಎಂದು ಕೇಳಿ. ಇದ್ದರೆ ಏರಿನ ಕಡೆಗೆ ಅದನ್ನು ಹಿಡಿದು, ವಾಪಸು ನಡೆದು ಬನ್ನಿ. ಮಧ್ಯಾಹ್ನದ ಸುಡುಬಿಸಿಲಿಗೆ ತಾರಾಲಯ. 2018ರಲ್ಲಿ ಆರಂಭವಾದ ಸ್ವಾಮಿ ವಿವೇಕಾನಂದ ತಾರಾಲಯದಲ್ಲಿ ಕೂತು ನೋಡುವುದೇ ಕೆಲಸ, ಕಾಲಿಗೆ ವಿಶ್ರಾಂತಿ. ಪಕ್ಕದ ವಿಜ್ಞಾನ ಕೇಂದ್ರದಲ್ಲಿ ಮಕ್ಕಳು ಮುಟ್ಟಿ ಆಡುವ ವಸ್ತುಗಳಿವೆ, ಅಲ್ಲಿ ಗಾಡಿಯ ನೆನಪೇ ಅವರಿಗೆ ಬಾರದು. ಗುತ್ತಿನ ಮನೆ, ಕುಶಲಕರ್ಮಿಗಳ ಗ್ರಾಮ, ಕೆರೆಯ ದೋಣಿ ಎಲ್ಲ ಸಂಜೆಗಿರಲಿ. ಗುತ್ತಿನ ಮನೆಯ ಮೆಟ್ಟಿಲು, ಹೊಸ್ತಿಲುಗಳ ಮೇಲೆ ಗಾಡಿಗೆ ಕೆಲಸವಿಲ್ಲ. ಇವೆಲ್ಲ ಒಂದಕ್ಕೊಂದು ಅಂಟಿಕೊಂಡಿಲ್ಲ, ಒಂದು ಕಡೆಯಿಂದ ಇನ್ನೊಂದಕ್ಕೆ ಒಳ್ಳೆಯ ದೂರವಿದೆ. ಆ ನಡುವಿನ ದೂರಕ್ಕೇ ಗಾಡಿ ಬೇಕಾಗುವುದು.

ಪಿಲಿಕುಳದ ಮಾನಸ ವಾಟರ್‌ಪಾರ್ಕಿಗೂ ಹೋಗುವವರು ಅದೇ ದಿನ ಮೃಗಾಲಯವನ್ನೂ ತುರುಕಬೇಡಿ. ನೀರಿನಲ್ಲಿ ಎರಡು ಗಂಟೆ ಆಡಿದ ಮಗುವಿಗೆ ಆಮೇಲೆ ಸಿಂಹವೂ ಬೇಡ, ಜಿಂಕೆಯೂ ಬೇಡ. ವಾಟರ್‌ಪಾರ್ಕಿನಲ್ಲಿ ಸ್ಟ್ರಾಲರ್ ಬಹುಪಾಲು ಹೊತ್ತು ಬಟ್ಟೆಯ ಗಂಟಿನ ಕಾವಲುಗಾರ. ಒದ್ದೆ ಮೈಯಲ್ಲಿ ಮಗುವನ್ನು ಕೂರಿಸುವ ಮುನ್ನ ಸೀಟಿನ ಮೇಲೆ ದಪ್ಪ ಬೈರಾಸು ಹಾಸಿ. ಫೋನು, ಹಣ ಗಾಡಿಯಲ್ಲಿಟ್ಟು ಹೋಗಬೇಡಿ. ಸೈಕಲ್ಲಿಗೆ ಹಾಕುವ ತಂತಿ ಬೀಗ ಒಂದಿದ್ದರೆ ಗಾಡಿಯನ್ನು ಕಂಬಕ್ಕೆ ಕಟ್ಟಿಹಾಕಬಹುದು.

ಸಿಟಿ ಬಸ್ಸಿನಲ್ಲಿ ಹೋಗುವವರು ಒಂದು ಮಾತು ನೆನಪಿಡಿ. ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಿಂದ ಹೊರಡುವ ನಮ್ಮ ಖಾಸಗಿ ಬಸ್ಸುಗಳ ಮೆಟ್ಟಿಲು ಎತ್ತರ, ಕಂಡಕ್ಟರರಿಗೆ ಅವಸರ. ಒಂದು ಕೈಯಲ್ಲಿ ಮಡಚಲಾಗುವ, ಹೆಗಲಿಗೆ ಪಟ್ಟಿಯಿರುವ ಕೊಡೆಹಿಡಿಯ ಗಾಡಿ ಮಾತ್ರ ಅಲ್ಲಿ ನಡೆದೀತು. ಸ್ಟಾಪು ಬರುವ ಮುಂಚೆಯೇ ಮಡಚಿ ಕಟ್ಟಿಡಿ.

ಸೆಕೆ, ಮಳೆ, ಉಪ್ಪು

ಮಾರ್ಚಿನಿಂದ ಮೇ ತನಕ ಬಿಸಿಲಿನಲ್ಲಿ ನಿಲ್ಲಿಸಿದ ಗಾಡಿಯ ಕಪ್ಪು ಬಟ್ಟೆ, ಬೆಲ್ಟಿನ ಕೊಂಡಿ ಮುಟ್ಟಲಾಗದಷ್ಟು ಕಾಯುತ್ತವೆ. ಕೂರಿಸುವ ಮುನ್ನ ನಿಮ್ಮ ಅಂಗೈಯಿಂದ ಮುಟ್ಟಿ ನೋಡಿ. ಮಗು ಮಲಗಿತೆಂದು ಗಾಡಿಯ ಬಾಯಿಗೆ ಶಾಲು, ದುಪಟ್ಟಾ ಮುಚ್ಚುವ ಅಭ್ಯಾಸ ಎಲ್ಲೆಡೆ ಇದೆ. ನೆರಳಾದಂತೆ ಕಂಡರೂ ಒಳಗಿನ ಗಾಳಿ ನಿಂತು ಕಾವು ಏರುತ್ತದೆ. ಮಳೆಗೆ ಹಾಕುವ ಪಾರದರ್ಶಕ ಪ್ಲಾಸ್ಟಿಕ್ ಹೊದಿಕೆಯದೂ ಅದೇ ಕಥೆ. ಮಳೆ ನಿಂತ ಕೂಡಲೇ ತೆಗೆಯಿರಿ. ಬಿಸಿಲಿಗೆ ಗಾಡಿಯ ಮೇಲೆ ಸಿಕ್ಕಿಸುವ ಪುಟ್ಟ ಕೊಡೆ ಸಾಕು.

ಮಳೆಗಾಲದಲ್ಲಿ ಪಾಚಿ ಕಟ್ಟಿದ ಕಾಲುದಾರಿಯ ಮೇಲೆ ಚಕ್ರವೂ ಜಾರುತ್ತದೆ, ತಳ್ಳುವವರ ಚಪ್ಪಲಿಯೂ ಜಾರುತ್ತದೆ. ಜೂನ್, ಜುಲೈಯಲ್ಲಿ ನಾನಂತೂ ಗಾಡಿ ಒಯ್ಯುವ ಸಲಹೆ ಕೊಡಲಾರೆ. ಆ ತಿಂಗಳುಗಳಲ್ಲಿ ಮಾಲುಗಳ ನುಣುಪು ನೆಲವೇ ಲೇಸು. ಅಲ್ಲಿಯೂ ಎಸ್ಕಲೇಟರಿನ ಮೇಲೆ ಗಾಡಿ ಏರಿಸದೆ ಲಿಫ್ಟಿಗೆ ಕಾಯಬೇಕು. ಇನ್ನು ಮಳೆಯಲ್ಲಿ ನೆನೆದ ಗಾಡಿಯನ್ನು ಹಾಗೆಯೇ ಮಡಚಿ ಮೂಲೆಗಿಟ್ಟರೆ ವಾರದೊಳಗೆ ಬಟ್ಟೆಗೆ ಬೂಸ್ಟು ಹಿಡಿದು ವಾಸನೆ ಬರುತ್ತದೆ. ಬಿಚ್ಚಿಯೇ ಫ್ಯಾನಿನಡಿ ಆರಿಸಬೇಕು.

ಪಣಂಬೂರು, ತಣ್ಣೀರುಬಾವಿಯ ಮರಳಿನಲ್ಲಿ ಮುಂದಕ್ಕೆ ತಳ್ಳಿದಷ್ಟೂ ಮುಂಚಕ್ರ ಹೂಳುತ್ತದೆ. ತಿರುಗಿಸಿ ಹಿಂದಕ್ಕೆ ಎಳೆಯಿರಿ, ಬರುತ್ತದೆ. ಮನೆಗೆ ಬಂದ ಕೂಡಲೇ ಚಕ್ರ, ಬ್ರೇಕುಗಳಿಗೆ ಸಿಹಿನೀರು ಹೊಯ್ದು ಒರೆಸದಿದ್ದರೆ ಉಪ್ಪುಗಾಳಿ ಸ್ಕ್ರೂಗಳನ್ನು ತಿಂದುಹಾಕುತ್ತದೆ.

ಕುದ್ರೋಳಿಯ ದಸರಾ ಮೆರವಣಿಗೆಗೆ, ರಥಬೀದಿಯ ತೇರಿಗೆ ಗಾಡಿ ಬೇಡವೇ ಬೇಡ. ಗಾಡಿಯಲ್ಲಿ ಕೂತ ಮಗುವಿನ ಮುಖ ದೊಡ್ಡವರ ಸೊಂಟದ ಮಟ್ಟದಲ್ಲಿರುತ್ತದೆ. ಜನ ನುಗ್ಗಿದರೆ ಹಿಂದಿನವರಿಗೆ ಅಲ್ಲೊಂದು ಮಗುವಿದೆಯೆಂದೇ ಕಾಣುವುದಿಲ್ಲ. ಅಂಥ ಕಡೆ ಹೆಗಲೇ ಗಾಡಿ. ಮಗುವಿನ ಮುಂಗೈ ಮೇಲೆ ಪೆನ್ನಿನಿಂದ ನಿಮ್ಮ ಫೋನ್ ನಂಬರು ಬರೆಯುವುದನ್ನು ಮರೆಯಬೇಡಿ.

ಘಟ್ಟದ ಮೇಲೆ ಹೋಗುವವರಿಗೂ ಒಂದೆರಡು ಮಾತು. 1892ರಲ್ಲಿ ಆರಂಭವಾದ ಮೈಸೂರಿನ ಚಾಮರಾಜೇಂದ್ರ ಮೃಗಾಲಯ 157 ಎಕರೆಯದು, ದಾರಿ ಉದ್ದ. ಆದರೆ ನೆಲ ನಮ್ಮಲ್ಲಿಗಿಂತ ಸಪಾಟು, ಮರಗಳ ನೆರಳು ಧಾರಾಳ, ಬ್ಯಾಟರಿ ವಾಹನಗಳೂ ಇವೆ. ದೊಡ್ಡ ಮಗುವಿನ ಸ್ಟ್ರಾಲರ್ ಕರ್ನಾಟಕದಲ್ಲಿ ಸಾರ್ಥಕವಾಗುವ ಜಾಗವೆಂದರೆ ಇದು. ಮಂಗಳವಾರ ರಜೆ. ಬಿಡದಿಯ ವಂಡರ್‌ಲಾ 2005ರಲ್ಲಿ ಆರಂಭವಾದದ್ದು, 82 ಎಕರೆಯಷ್ಟಿದೆ. ಅಲ್ಲಿ ಟಿಕೆಟಿಗೂ ಸವಾರಿಗಳಿಗೂ ಮಗುವಿನ ವಯಸ್ಸಿಗಿಂತ ಎತ್ತರವೇ ಲೆಕ್ಕ. ಹೋಗುವ ಮೊದಲು ಮನೆಯ ಗೋಡೆಗೆ ನಿಲ್ಲಿಸಿ ಅಳೆದುಕೊಂಡರೆ ಸಾಲಿನಲ್ಲಿ ನಿಂತ ಮೇಲೆ ಅಳುವ ಪ್ರಮೇಯ ಬರುವುದಿಲ್ಲ. ಗಾಡಿ ಸವಾರಿಗಳ ಸಾಲಿನೊಳಗೆ ಬಾರದು, ಯಾರಾದರೊಬ್ಬರು ಹೊರಗೆ ಕಾವಲಿರಬೇಕು. ರಾತ್ರಿ ಬಸ್ಸಿನಲ್ಲಿ ಶಿರಾಡಿ ಘಾಟಿ ಹತ್ತಿ ಅರೆನಿದ್ದೆಯಲ್ಲಿ ಬಂದಿಳಿದ ಮಗುವಿಗೆ ಅಂದಿನ ಮಧ್ಯಾಹ್ನ ಸೀಟು ಹಿಂದಕ್ಕೆ ಬಾಗುವ ಗಾಡಿಯೇ ಹಾಸಿಗೆ.

ಕೊಲ್ಲಿಯಲ್ಲಿರುವ ಮಕ್ಕಳು ಮೊಮ್ಮಕ್ಕಳನ್ನು ನೋಡಲು ಹೋಗಿ, ಅಬುಧಾಬಿಯ ಯಾಸ್ ದ್ವೀಪದ ಫೆರಾರಿ ವರ್ಲ್ಡೋ ದುಬಾಯಿಯ ಗ್ಲೋಬಲ್ ವಿಲೇಜೋ ಸುತ್ತುವವರು ಇಲ್ಲಿಂದ ಗಾಡಿ ಹೊರುವ ಅಗತ್ಯ ಕಡಿಮೆ, ಅಲ್ಲಿ ಬಾಡಿಗೆಗೆ ಸಿಗುತ್ತದೆ. ಒಯ್ಯಲೇಬೇಕೆಂದರೆ ವಿಮಾನದ ಟಿಕೆಟು ಮಾಡುವಾಗಲೇ ಕೇಳಿಕೊಳ್ಳಿ. ಸ್ಟ್ರಾಲರನ್ನು ಉಚಿತವಾಗಿ ಒಯ್ಯುವ ರಿಯಾಯಿತಿಯನ್ನು ಎರಡು ವರ್ಷದೊಳಗಿನ ಶಿಶುವಿಗೆ ಮಾತ್ರ ಕೊಡುವ ಕಂಪನಿಗಳಿವೆ. ಆರು ವರ್ಷದವಳ ಗಾಡಿಯನ್ನು ಲಗೇಜಿನ ತೂಕಕ್ಕೆ ಸೇರಿಸಿದರೆ ಬಜ್ಪೆಯ ಕೌಂಟರಿನ ಮುಂದೆ ಉಪ್ಪಿನಕಾಯಿ ಭರಣಿಗೂ ಗಾಡಿಗೂ ನಡುವೆ ಆಯ್ಕೆ ಮಾಡಬೇಕಾದೀತು. ಅಮೆರಿಕದ ಡಿಸ್ನಿ ಪಾರ್ಕುಗಳಲ್ಲಿ 2019ರ ಮೇ 1ರಿಂದ 79 ಸೆಂ.ಮೀ.ಗಿಂತ ಅಗಲ, 132 ಸೆಂ.ಮೀ.ಗಿಂತ ಉದ್ದದ ಗಾಡಿಗಳಿಗೆ ಪ್ರವೇಶವಿಲ್ಲ. ಎಳೆದುಕೊಂಡು ಹೋಗುವ ವ್ಯಾಗನ್ ಮಾದರಿಯನ್ನೂ ಬಿಡುವುದಿಲ್ಲ. ನಿಲ್ಲಿಸಿಟ್ಟ ಗಾಡಿಗಳನ್ನು ಅಲ್ಲಿನ ಸಿಬ್ಬಂದಿ ಸರಿಸಿ ಜೋಡಿಸುತ್ತಾರಾದ್ದರಿಂದ ಗುರುತಿಗೆ ಹಿಡಿಕೆಯ ಮೇಲೊಂದು ಕೆಂಪು ಬಟ್ಟೆ ಕಟ್ಟಿಡಿ.

ಇಲ್ಲಿಯ ತನಕ ಹೇಳಿದ್ದು ದಣಿದ ಮಕ್ಕಳ ಕಥೆ. ಗಾಡಿಯಿಲ್ಲದೆ ಮನೆಯಿಂದ ಹೊರಡಲಾಗದ ದೊಡ್ಡ ಮಕ್ಕಳೂ ಇದ್ದಾರೆ. ಸೆರೆಬ್ರಲ್ ಪಾಲ್ಸಿ, ಸ್ನಾಯುಕ್ಷಯದ ಹಲವು ಮಕ್ಕಳಿಗೆ ಕಾಲಿನ ಬಲ ಸಾಲದು. ಆಟಿಸಂ ಇರುವ ಕೆಲವರಿಗೆ ಗದ್ದಲದ ನಡುವೆ ಗಾಡಿಯ ಚಾವಣಿಯಡಿ ಕೂತರೆ ನೆಮ್ಮದಿ. ಕೆಲವರು ಕೈಬಿಡಿಸಿಕೊಂಡು ಓಡಿಬಿಡುತ್ತಾರೆ. ನೋಡುವವರಿಗೆ ‘ಎಂಟು ವರ್ಷದ ಆರೋಗ್ಯವಂತ ಹುಡುಗ’ ಕಾಣುತ್ತಾನೆ, ತಾಯಿಗೆ ಬುದ್ಧಿ ಹೇಳಲು ಬಾಯಿ ಬರುತ್ತದೆ. ಬಾಯಿ ಮುಚ್ಚಿಕೊಳ್ಳುವುದು ಅಲ್ಲಿ ದೊಡ್ಡ ಉಪಕಾರ. ಇಂಥ ಮಕ್ಕಳಿಗೆ 22 ಕೆ.ಜಿ.ಯ ಸಾಮಾನ್ಯ ಗಾಡಿ ಸಾಲದು. ಬೆನ್ನು, ಕುತ್ತಿಗೆಗೆ ಆಸರೆಯಿರುವ, ಹೆಚ್ಚು ಭಾರ ತಾಳುವ ವಿಶೇಷ ಗಾಡಿಯೋ ಮಕ್ಕಳ ಗಾಲಿಕುರ್ಚಿಯೋ ಬೇಕು, ಅದನ್ನು ಫಿಸಿಯೋಥೆರಪಿಸ್ಟ್ ಅಳತೆ ನೋಡಿಯೇ ಆರಿಸಬೇಕು. ಕೇಂದ್ರ ಸರ್ಕಾರದ ಎಡಿಐಪಿ ಯೋಜನೆಯಲ್ಲಿ ಗಾಲಿಕುರ್ಚಿ, ಸೆರೆಬ್ರಲ್ ಪಾಲ್ಸಿ ಮಕ್ಕಳ ಕುರ್ಚಿಗಳಿಗೆ ನೆರವಿದೆ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡು ಮಾಡಿಸಿಟ್ಟುಕೊಳ್ಳಿ, ಹೊರಗೆ ಹೋಗುವಾಗ ಜೊತೆಗಿರಲಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸುವ 21 ಬಗೆಗಳಲ್ಲಿ ಈ ಮೂರೂ ಇವೆ. ಸಾರ್ವಜನಿಕ ಜಾಗಗಳಲ್ಲಿ ಗಾಲಿ ಹೋಗುವಂಥ ದಾರಿ ಇರಬೇಕೆಂದು ಆ ಕಾಯ್ದೆಯೇ ಹೇಳುತ್ತದೆ.

ಹಾಗಾಗಿ ಮುಂದಿನ ಸಲ ಯಾವುದೇ ಪಾರ್ಕಿಗೆ ಹೋದಾಗ ಟಿಕೆಟ್ ಕೌಂಟರಿನಲ್ಲಿ ಎರಡು ಪ್ರಶ್ನೆ ಕೇಳಿ: ‘ಬಾಡಿಗೆಗೆ ಗಾಡಿ ಉಂಟಾ? ಮೆಟ್ಟಿಲಿಲ್ಲದ ದಾರಿ ಯಾವುದು?’ ಇಲ್ಲ ಎಂದರೆ ಬೈಯಬೇಡಿ, ಸಲಹಾ ಪುಸ್ತಕದಲ್ಲಿ ಬರೆದು ಬನ್ನಿ. ದಿನಕ್ಕೆ ಹತ್ತು ಮಂದಿ ಕೇಳಿದ್ದನ್ನು ತರಿಸದೆ ಕೂರುವ ಮ್ಯಾನೇಜರು ಅಪರೂಪ.